ಜಿಪಿಎ: ಕೊಟ್ಟವರಿಗೆ ತಿಳಿವಳಿಕೆ ಇರುವಷ್ಟು ದಿನ

"ಅಪ್ಪನಿಗೆ ಈಗ ಏನೂ ತಿಳಿಯುವುದಿಲ್ಲ. ಆದರೆ ಅಣ್ಣನ ಹತ್ತಿರ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅಪ್ಪನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಇದೆ, ಅದೂ ಇರ್ರಿವೋಕಬಲ್ (ಹಿಂತೆಗೆದುಕೊಳ್ಳಲಾಗದ್ದು). ಹಾಗಾಗಿ ತೊಂದರೆ ಇಲ್ಲ." ಪತ್ರ ಬರೆಯುವವರು, ಸೈಟ್ ದಲ್ಲಾಳಿಗಳು, ಎಷ್ಟೋ ಸಲ ಓದಿಕೊಂಡವರೂ ಈ ಮಾತನ್ನು ಧೈರ್ಯವಾಗಿ ಹೇಳುತ್ತಾರೆ. ಮೊದಲ ವಾಕ್ಯ ನಿಜವಾಗಿದ್ದರೆ ಉಳಿದವು ನಿಲ್ಲುವುದಿಲ್ಲ.

ಜಿಪಿಎ ಪಡೆದವರು ಏಜೆಂಟರು, ಗಾರ್ಡಿಯನ್ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 183ನೇ ಕಲಮಿನಂತೆ ಏಜೆಂಟನನ್ನು ನೇಮಿಸುವವರು ವಯಸ್ಕರಾಗಿರಬೇಕು, ಸ್ವಸ್ಥಚಿತ್ತರಾಗಿರಬೇಕು. 201ನೇ ಕಲಮಿನಂತೆ ಕೊಟ್ಟವರು ತೀರಿಕೊಂಡರೆ ಅಥವಾ ಅವರ ಚಿತ್ತಸ್ವಾಸ್ಥ್ಯ ಹೋದರೆ ಆ ಅಧಿಕಾರ ತಾನಾಗಿಯೇ ಮುಗಿಯುತ್ತದೆ. ಸತ್ತವರ ಜಿಪಿಎ ನಡೆಯುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಮರೆವಿನ ಕಾಯಿಲೆ ಬಲಿತು ಮಕ್ಕಳ ಗುರುತೂ ಸಿಗದವರ ಜಿಪಿಎ ಕೂಡ ಅದೇ ಕಲಮಿನಲ್ಲಿ, ಅದೇ ಸಾಲಿನಲ್ಲಿ ಮುಗಿಯುತ್ತದೆ ಎಂಬುದು ಮಾತ್ರ ಯಾರ ತಲೆಗೂ ಹೋಗುವುದಿಲ್ಲ.

ಇನ್ನು ಆ "ಇರ್ರಿವೋಕಬಲ್". ಪತ್ರದ ತಲೆಯ ಮೇಲೆ ಆ ಪದ ಟೈಪು ಮಾಡಿದ ಮಾತ್ರಕ್ಕೆ ಏನೂ ಆಗುವುದಿಲ್ಲ. 202ನೇ ಕಲಮು ಉಳಿಸುವುದು ಒಂದೇ ಬಗೆಯ ಅಧಿಕಾರವನ್ನು: ಯಾವ ಆಸ್ತಿಯ ಬಗ್ಗೆ ಅಧಿಕಾರ ಕೊಟ್ಟಿದೆಯೋ ಅದರಲ್ಲಿ ಏಜೆಂಟನದೇ ಹಿತಾಸಕ್ತಿ ಇರುವಂಥದ್ದು. ಕಾಯ್ದೆಯೇ ಕೊಟ್ಟಿರುವ ದೃಷ್ಟಾಂತ ನೋಡಿ. ಸಾಲಗಾರ ತನ್ನ ಜಮೀನನ್ನು ಮಾರಿ ಬಂದ ಹಣದಲ್ಲಿ ಬಾಕಿ ಮುರಿದುಕೊಳ್ಳಲು ಸಾಲ ಕೊಟ್ಟವನಿಗೇ ಅಧಿಕಾರ ಬರೆದುಕೊಡುತ್ತಾನೆ. ಆ ಅಧಿಕಾರ ಸಾಲಗಾರ ಸತ್ತರೂ, ಬುದ್ಧಿ ಕಳೆದುಕೊಂಡರೂ ಉಳಿಯುತ್ತದೆ. ಪೂರ್ತಿ ಹಣ ಕೊಟ್ಟು ಕ್ರಯದ ಕರಾರಿನ ಜೊತೆಗೆ ಜಿಪಿಎ ಪಡೆದವರೂ ಈ ಕಲಮಿನ ಆಸರೆ ಕೇಳುತ್ತಾರೆ. ಅವರ ಮೇಲೆ ಹೋಗುವವರು ಹಣ ನಿಜವಾಗಿ ಸಂದಿದೆಯೇ ಎಂದು ಬ್ಯಾಂಕ್ ದಾಖಲೆಯಲ್ಲಿ ಮೊದಲು ನೋಡಬೇಕು. ಅಪ್ಪನ ಪಿಂಚಣಿ ತರಲು, ಬಾಡಿಗೆ ವಸೂಲಿಗೆ, "ಸೈಟು ನೋಡಿಕೊಳ್ಳಲು" ಮಗನಿಗೆ ಬರೆದುಕೊಟ್ಟ ಪತ್ರದಲ್ಲಿ ಅಂಥ ಹಿತಾಸಕ್ತಿ ಎಲ್ಲಿಯದು? ಮುಂದೆ ಆಸ್ತಿ ತನಗೇ ಬರುತ್ತದೆ ಎಂಬ ನಿರೀಕ್ಷೆ ಈ ಲೆಕ್ಕಕ್ಕೆ ಸೇರುವುದಿಲ್ಲ.

ಅಮೆರಿಕದಲ್ಲಿ "ಡ್ಯೂರಬಲ್", ಇಂಗ್ಲೆಂಡಿನಲ್ಲಿ 2005ರ ಮೆಂಟಲ್ ಕೆಪ್ಯಾಸಿಟಿ ಆ್ಯಕ್ಟ್ ಅಡಿಯ "ಲಾಸ್ಟಿಂಗ್" ಎಂಬ ಬಗೆಗಳಿವೆ. ಬುದ್ಧಿ ಹೋದ ಮೇಲೂ ನಡೆಯಲೆಂದೇ ಮಾಡಿದವು ಅವು. ಅಲ್ಲಿರುವ ಮಕ್ಕಳು ಅದೇ ನಮೂನೆ ಇಳಿಸಿ ಕಳಿಸುತ್ತಾರೆ, ಇಲ್ಲಿ ಅದನ್ನು ಛಾಪಾ ಕಾಗದದ ಮೇಲೆ ಹೊಡೆಸುತ್ತಾರೆ. ಭಾರತದ ಕಾಯ್ದೆಯಲ್ಲಿ ಆ ಬಗೆಯೇ ಇಲ್ಲ.

ಪ್ರಶ್ನಿಸಲು ಹೊರಟವರು ಮೊದಲು ಎರಡು ತಕರಾರುಗಳನ್ನು ಬಿಡಿಸಿಕೊಳ್ಳಬೇಕು. ಸಹಿಯ ದಿನವೇ ತಿಳಿವಳಿಕೆ ಇರಲಿಲ್ಲ ಎಂಬುದು ಒಂದು. ಸಹಿ ಹಾಕಿದಾಗ ಸರಿಯಿದ್ದರು, ಆಮೇಲೆ ಬುದ್ಧಿ ಹೋಯಿತು, ಹೋದ ಮೇಲೂ ಪತ್ರ ಬಳಸಿದರು ಎಂಬುದು ಇನ್ನೊಂದು. ಮೊದಲನೆಯದು ರುಜುವಾತಾದರೆ ಪತ್ರ ಹುಟ್ಟುವಾಗಲೇ ಶೂನ್ಯ, ಅದರ ಮೇಲೆ ಆದ ಕ್ರಯವೂ ಬೀಳುತ್ತದೆ. ಎರಡನೆಯದರಲ್ಲಿ 208ನೇ ಕಲಮು ಅಡ್ಡ ಬರುತ್ತದೆ: ಅಧಿಕಾರ ಮುಗಿದದ್ದು ಗೊತ್ತಿಲ್ಲದೆ ವ್ಯವಹರಿಸಿದ ಮೂರನೆಯವರಿಗೆ ಅದು ರಕ್ಷಣೆ ಕೊಡುತ್ತದೆ. ಆದ್ದರಿಂದ ಜಿಪಿಎ ಹಿಡಿದವರಿಗೆ, ಬ್ಯಾಂಕಿಗೆ, ಕೊಳ್ಳಲು ಬಂದವರಿಗೆ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಲಿಖಿತ ನೋಟಿಸು ತಡಮಾಡದೆ ಹೋಗಬೇಕು, ಸ್ವೀಕೃತಿ ಕೈಯಲ್ಲಿರಬೇಕು. ಸಬ್‌ರಿಜಿಸ್ಟ್ರಾರ್ ಬರೀ ತಕರಾರು ಅರ್ಜಿಗೆ ನೋಂದಣಿ ನಿಲ್ಲಿಸುತ್ತಾರೆಂದು ನಂಬಿ ಕೂರಬೇಡಿ. ಅದಕ್ಕೆ ಕೋರ್ಟಿನ ತಡೆಯಾಜ್ಞೆಯೇ ಬೇಕು.

"ತಿಳಿವಳಿಕೆ" ಎಂದರೆ ಇಷ್ಟೇ: ಆ ಪತ್ರ ಏನೆಂದು ಅರ್ಥವಾಗಬೇಕು, ಅದರಿಂದ ತನಗೇನಾಗುತ್ತದೆ ಎಂದು ವಿವೇಚಿಸಲು ಆಗಬೇಕು. 12ನೇ ಕಲಮು ಹೇಳುವುದು ಇದನ್ನೇ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿದ್ದರೂ ಮಾತು ಅರ್ಥವಾಗುತ್ತಿದ್ದರೆ ಹೆಬ್ಬೆಟ್ಟು ಒತ್ತಿಕೊಟ್ಟ ಜಿಪಿಎ ಸರಿಯೇ. ಕೈ ನೆಟ್ಟಗಿದ್ದು ಸಹಿ ಚೆನ್ನಾಗಿ ಬಿದ್ದಿದ್ದರೂ ಅಂದು ಅವರಿಗೆ ಯಾವುದರ ಅರಿವೂ ಇರಲಿಲ್ಲವಾದರೆ ಪತ್ರ ಸರಿಯಲ್ಲ. ಒಮ್ಮೊಮ್ಮೆ ಬುದ್ಧಿ ತಿಳಿಯಾಗುವವರು ಆ ಹೊತ್ತಿನಲ್ಲಿ ಕರಾರು ಮಾಡಬಹುದು ಎಂದೂ ಅದೇ ಕಲಮು ಹೇಳುತ್ತದೆ. ಆದ್ದರಿಂದ "ಅವರಿಗೆ ಡಿಮೆನ್ಷಿಯಾ ಇತ್ತು" ಎಂಬ ಒಂದು ಸರ್ಟಿಫಿಕೇಟು ಸಾಲದು, ಆ ದಿನದ ಸ್ಥಿತಿ ತೋರಿಸಬೇಕು.

ಅದಕ್ಕೆ ಮೊದಲು ಪತ್ರವನ್ನೇ ಹತ್ತಿರದಿಂದ ನೋಡಿ. ಇ-ಸ್ಟ್ಯಾಂಪಿನ ಮೇಲೆ ಕೊಂಡವರ ಹೆಸರು, ದಿನಾಂಕ, ಗಂಟೆ–ನಿಮಿಷ ಸಮೇತ ಅಚ್ಚಾಗಿರುತ್ತದೆ. ಆ ಹೊತ್ತಿಗೆ ಅಪ್ಪ ಐಸಿಯುನಲ್ಲಿದ್ದರೆ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ನರ್ಸ್ ಬರೆದ ಪ್ರಜ್ಞೆಯ ಅಂಕ, ಕೊಟ್ಟ ಮತ್ತಿನ ಔಷಧಿ, ಅದರ ಸಮಯ ಎಲ್ಲ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹತ್ತು ಸಾಕ್ಷಿಗಳ ಬಾಯಿಮಾತಿಗಿಂತ ಹೆಚ್ಚು ತೂಕ. ಯಾವಾಗಲೂ ಸಹಿ ಹಾಕುತ್ತಿದ್ದವರ ಹೆಸರಿನೆದುರು ಏಕಾಏಕಿ ಎಲ್‌ಟಿಎಂ (ಎಡಗೈ ಹೆಬ್ಬೆಟ್ಟಿನ ಗುರುತು) ಇದ್ದರೆ ಕಾರಣ ಕೇಳಿ. ಓದಿ ಹೇಳಿದವರು ಯಾರು ಎಂಬ ಷರಾ ಇದೆಯೇ, ಸಾಕ್ಷಿಗಳು ಇಬ್ಬರೂ ಒಂದೇ ಕಡೆಯವರೇ, ನೋಟರಿಯಾದರೆ ಅವರ ರಿಜಿಸ್ಟರಿನಲ್ಲಿ ಅಂದು ನಮೂದಾಗಿದೆಯೇ ನೋಡಿ. ಆಸ್ಪತ್ರೆಯ ದಾಖಲೆ ಕೇಳಲು ತಡಮಾಡಬೇಡಿ. 2002ರ ವೈದ್ಯಕೀಯ ನಡತೆ ನಿಯಮಗಳಂತೆ ಕೇಳಿದ 72 ಗಂಟೆಯೊಳಗೆ ಕೊಡಬೇಕು, ಆದರೆ ಒಳರೋಗಿಯ ದಾಖಲೆ ಇಟ್ಟುಕೊಳ್ಳುವ ಹೊಣೆ 3 ವರ್ಷಕ್ಕಷ್ಟೇ.

ಜಿಪಿಎ ಇಸಿಯಲ್ಲಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ) ಸಿಗಲಿಲ್ಲ, ಹಾಗಾಗಿ ಇಲ್ಲವೇ ಇಲ್ಲ ಎಂದುಕೊಳ್ಳುವವರಿದ್ದಾರೆ. ಜಿಪಿಎ ಸಾಮಾನ್ಯವಾಗಿ ನೋಂದಣಿ ಕಚೇರಿಯ 4ನೇ ಪುಸ್ತಕಕ್ಕೆ ಹೋಗುತ್ತದೆ, ಅದರ ನಕಲು ಸಂಬಂಧಪಟ್ಟವರಿಗೆ ಮಾತ್ರ. ಆದರೆ ಅದನ್ನು ಬಳಸಿ ಮಾಡಿದ ಕ್ರಯಪತ್ರ 1ನೇ ಪುಸ್ತಕದಲ್ಲಿದ್ದು ಇಸಿಯಲ್ಲಿ ಬರುತ್ತದೆ, ಯಾರು ಬೇಕಾದರೂ ನಕಲು ತೆಗೆಸಬಹುದು. ಜಿಪಿಎಯ ನಂಬರು, ದಿನಾಂಕ ಅದರೊಳಗೇ ಇರುತ್ತದೆ.

ಇಲ್ಲಿ ಒಂದು ದೊಡ್ಡ ತಪ್ಪು ಮತ್ತೆ ಮತ್ತೆ ಆಗುತ್ತದೆ. ಅಣ್ಣ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡ ಎಂದು ತಮ್ಮ ಅದೇ ಅಪ್ಪನಿಂದ ರದ್ದತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಜಿಪಿಎ ಕೊಡಲು ತಿಳಿವಳಿಕೆ ಇಲ್ಲದವರಿಗೆ ರದ್ದುಮಾಡುವ ತಿಳಿವಳಿಕೆ ಎಲ್ಲಿಂದ ಬಂತು? ಎದುರು ವಕೀಲರು ಪಾಟೀಸವಾಲಿನಲ್ಲಿ ಇದೊಂದೇ ಪತ್ರ ಎತ್ತಿ ಹಿಡಿದು ಇಡೀ ದಾವೆಯನ್ನು ಕೆಡವಬಲ್ಲರು.

ಸರಿಯಾದ ದಾರಿ ಸಿವಿಲ್ ದಾವೆ. ಅಪ್ಪನ ಹೆಸರಿನಲ್ಲೇ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 32, ನಿಯಮ 15ರಂತೆ ನೆಕ್ಸ್ಟ್ ಫ್ರೆಂಡ್ (ಅವರ ಪರವಾಗಿ ದಾವೆ ನಡೆಸುವವರು) ಮೂಲಕ ಹೂಡಬೇಕು. ನ್ಯಾಯಾಲಯ ಅವರ ಸ್ಥಿತಿಯ ವಿಚಾರಣೆ ಮಾಡುತ್ತದೆ, ನೆಕ್ಸ್ಟ್ ಫ್ರೆಂಡ್ ಆದವರ ಹಿತ ಅಪ್ಪನ ಹಿತಕ್ಕೆ ಎದುರಾಗಿರಬಾರದು. ಪತ್ರ ಶೂನ್ಯವೆಂಬ ಘೋಷಣೆ, ರದ್ದತಿ, ತಾತ್ಕಾಲಿಕ ತಡೆಯಾಜ್ಞೆಯ ಜೊತೆಗೆ ಲೆಕ್ಕವನ್ನೂ ಕೇಳಿ. ಕರಾರು ಕಾಯ್ದೆಯ 213ನೇ ಕಲಮಿನಂತೆ ಏಜೆಂಟ್ ಲೆಕ್ಕ ಒಪ್ಪಿಸಲೇಬೇಕು, ಹಣ ಎಲ್ಲಿ ಹೋಯಿತೆಂದು ಹೊರಬೀಳುವುದು ಅಲ್ಲೇ. ರದ್ದತಿಗೆ ಕಾಲಮಿತಿ ವಿಷಯ ತಿಳಿದ ದಿನದಿಂದ 3 ವರ್ಷ. ಅಪ್ಪನ ಅಶಕ್ತತೆಯ ಕಾರಣಕ್ಕೆ ಅದು ವಿಸ್ತರಿಸಬಹುದಾದರೂ ಆ ವಾದವನ್ನು ನೆಚ್ಚಿಕೊಳ್ಳದಿರುವುದು ಕ್ಷೇಮ. ತಿಳಿವಳಿಕೆ ಪೂರ್ತಿ ಹೋಗಿರಲಿಲ್ಲ, ಆದರೆ ಕಾಯಿಲೆಯಲ್ಲಿದ್ದು ಮಗನನ್ನೇ ನೆಚ್ಚಿದ್ದರು ಎನ್ನುವಂತಿದ್ದರೆ ಅದೇ ಕಾಯ್ದೆಯ 16ನೇ ಕಲಮಿನ ಅನುಚಿತ ಪ್ರಭಾವವನ್ನು ಪರ್ಯಾಯವಾಗಿ ಹೇಳಿಕೊಳ್ಳಬೇಕು.

ಜಿಪಿಎ ಬಿತ್ತು ಎಂದರೆ ಅಪ್ಪನ ಬ್ಯಾಂಕ್ ಖಾತೆ ಇನ್ನೊಬ್ಬ ಮಗನ ಕೈಗೆ ಬಂತು ಎಂದಲ್ಲ. ಅದಕ್ಕೆ ಗಾರ್ಡಿಯನ್ ಬೇಕು, ಇಲ್ಲಿ ಕಾನೂನು ನಿಜಕ್ಕೂ ಹರಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ನಾಮನಿರ್ದೇಶಿತ ಪ್ರತಿನಿಧಿಗೆ ಚಿಕಿತ್ಸೆಯ ವಿಷಯದಲ್ಲಷ್ಟೇ ಮಾತು, ಆಸ್ತಿಯಲ್ಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹು ಅಂಗವೈಕಲ್ಯಗಳಿಗೆ ಮಾತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಡುವುದು ಸೀಮಿತ ಗಾರ್ಡಿಯನ್. ಕೋಮಾದಲ್ಲಿರುವವರಿಗಾಗಿ ಜನ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗುತ್ತಾರೆ. ಕೇರಳ ಹೈಕೋರ್ಟ್ 2019ರಲ್ಲಿ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಇದಕ್ಕೆ ಮಾರ್ಗಸೂಚಿ ಹಾಕಿಕೊಟ್ಟಿತು. ಅರ್ಜಿಯಲ್ಲಿ ಪ್ರತಿ ಖಾತೆಯ ಸಂಖ್ಯೆ, ಪ್ರತಿ ಸರ್ವೆ ನಂಬರು, ಠೇವಣಿ, ಲಾಕರು ಬಿಡಿಬಿಡಿಯಾಗಿ ನಮೂದಿಸಿ. ಆದೇಶದಲ್ಲಿ ಕಾಣದ ಖಾತೆಯನ್ನು ಬ್ಯಾಂಕಿನವರು ಮುಟ್ಟಲು ಬಿಡುವುದಿಲ್ಲ, ಆಗ ಮತ್ತೊಂದು ಅರ್ಜಿ ಹಾಕಬೇಕಾಗುತ್ತದೆ.