ವೈರಸ್ಸಿನ ಆರ್‌ಎನ್‌ಎಗೆ ಅಡ್ಡ ನಿಲ್ಲುವ ಮಾತ್ರೆ ಇನ್ನೂ ಯಾಕೆ ಬಂದಿಲ್ಲ?

ಎಚ್‌ಐವಿ ಇರುವವರು ದಿನವೂ ಮಾತ್ರೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ವೈರಸ್ಸಿನ ಪ್ರತಿ ನಮ್ಮದೇ ಜೀವಕೋಶಗಳ ಡಿಎನ್‌ಎ ಒಳಗೆ ಸೇರಿಕೊಂಡು ಕೂತಿರುತ್ತದೆ, ಅದಕ್ಕೇ ಹೀಗೆ. ಈಗಿನ ಮಾತ್ರೆಗಳು ಹೊಸ ಜೀವಕೋಶಗಳಿಗೆ ಸೋಂಕು ಹರಡದಂತೆ ನೋಡಿಕೊಳ್ಳುತ್ತವೆ. ಆದರೆ ಅಡಗಿರುವ ಪ್ರತಿಯಿಂದ ವೈರಸ್ಸಿನ ಆರ್‌ಎನ್‌ಎ, ಅಂದರೆ ಹೊಸ ವೈರಸ್ ಕಟ್ಟಲು ಬೇಕಾದ ಸೂಚನೆಗಳ ನಕಲು, ತಯಾರಾಗುವುದನ್ನು ಅವು ತಡೆಯುವುದಿಲ್ಲ. ಅದನ್ನು ಎಲ್ಲಿ ತಡೆಯಬಹುದು ಅನ್ನುವುದು ಮೂವತ್ತು ವರ್ಷಕ್ಕೂ ಹಿಂದೆಯೇ ಗೊತ್ತಾಗಿತ್ತು.

ಟ್ಯಾಟ್ ಎಂಬ ಎಚ್‌ಐವಿಯ ಪುಟ್ಟ ಪ್ರೊಟೀನ್ ಪತ್ತೆಯಾಗಿದ್ದು 1985ರಲ್ಲಿ. ಎಚ್‌ಐವಿಯ ಆರ್‌ಎನ್‌ಎ ತಯಾರಾಗಲು ಶುರುವಾದ ಕೂಡಲೇ ಅದರ ಮೊದಲ 59 ಅಕ್ಷರಗಳು (ಆರ್‌ಎನ್‌ಎ ಸರಪಳಿಯ ಕೊಂಡಿಗಳು) ತಮ್ಮ ಮೇಲೆ ತಾವೇ ಮಡಚಿಕೊಂಡು ಹೇರ್‌ಪಿನ್ನಿನ ಆಕಾರಕ್ಕೆ ಬರುತ್ತವೆ. ಇದರ ಹೆಸರು ಟಾರ್. ಹೇರ್‌ಪಿನ್ನಿನ ಒಂದು ಪಕ್ಕದಲ್ಲಿ ಜೋಡಿ ಸಿಗದ ಮೂರು ಅಕ್ಷರಗಳು ಉಬ್ಬಿಕೊಂಡಿರುತ್ತವೆ, ಟ್ಯಾಟ್ ಬಂದು ಹಿಡಿದುಕೊಳ್ಳುವುದು ಅಲ್ಲೇ, ಹಿಡಿದುಕೊಂಡು ನಮ್ಮ ಜೀವಕೋಶದ್ದೇ ಆದ ಸೈಕ್ಲಿನ್ ಟಿ1 ಮತ್ತು ಸಿಡಿಕೆ9 ಎಂಬ ಪ್ರೊಟೀನ್‌ಗಳನ್ನು ಅಲ್ಲಿಗೆ ಸೇರಿಸುತ್ತದೆ. ಟ್ಯಾಟ್ ಬರದಿದ್ದರೆ ಆರ್‌ಎನ್‌ಎ ತಯಾರಿ ಬಹುಪಾಲು ಸಲ ಶುರುವಿನಲ್ಲೇ ನಿಂತುಹೋಗುತ್ತದೆ. ರೆವ್ ಎಂಬ ಇನ್ನೊಂದು ಪ್ರೊಟೀನ್ ಅದೇ ಆರ್‌ಎನ್‌ಎಯ ಬೇರೆ ಮಡಿಕೆಯನ್ನು ಹಿಡಿದು ಅದನ್ನು ನ್ಯೂಕ್ಲಿಯಸ್‌ನಿಂದ ಹೊರಗೆ ಸಾಗಿಸುತ್ತದೆ. ಈ ಎರಡು ಹಿಡಿತಗಳಲ್ಲಿ ಒಂದನ್ನು ಬಿಡಿಸಿದರೂ ಸಾಕು, ಅಲ್ವಾ?

1993ರಲ್ಲಿ ಅಮೆರಿಕದ ಮೈಕೆಲ್ ಗ್ರೀನ್ ಅವರ ತಂಡ ಅದನ್ನು ಮಾಡಿಯೂ ತೋರಿಸಿತು. ಅವರು ಬಳಸಿದ್ದು ನಿಯೋಮೈಸಿನ್. ಗಾಯಕ್ಕೆ ಹಚ್ಚುವ ಮುಲಾಮಿನಲ್ಲಿ ಇರುತ್ತದಲ್ಲ, ಅದೇ. 1949ರಲ್ಲಿ ಸೆಲ್ಮನ್ ವಾಕ್ಸ್‌ಮನ್ ಪ್ರಯೋಗಾಲಯದಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ಔಷಧ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದೇ ಅದರ ರೈಬೋಸೋಮಿನ, ಅಂದರೆ ಪ್ರೊಟೀನ್ ತಯಾರಿಸುವ ಯಂತ್ರದ, ಆರ್‌ಎನ್‌ಎಗೆ ಅಂಟಿಕೊಂಡು. ವೈರಸ್ಸಿನ ಆರ್‌ಎನ್‌ಎಗೂ ಅದು ಅಂಟಿಕೊಂಡಿತು, ರೆವ್‌ಗೆ ಜಾಗ ಸಿಗಲಿಲ್ಲ. ಆದರೆ ನಿಯೋಮೈಸಿನ್ ನುಂಗಿದರೆ ಕರುಳಿನಿಂದ ರಕ್ತಕ್ಕೆ ಹೋಗುವುದೇ ಇಲ್ಲ ಎನ್ನಬಹುದು. ಇಂಜೆಕ್ಷನ್ ಕೊಟ್ಟರೆ ಕಿವಿ, ಮೂತ್ರಪಿಂಡ ಎರಡಕ್ಕೂ ಪೆಟ್ಟು. ಜೀವನಪೂರ್ತಿ ಕೊಡುವ ಔಷಧ ಅದಾಗಲು ಸಾಧ್ಯವೇ ಇರಲಿಲ್ಲ.

ಇತ್ತ ರೋಶ್ ಕಂಪನಿ ಟ್ಯಾಟ್‌ನ ಕೆಲಸವನ್ನು ತಡೆಯುವಂತೆ ಕಂಡ ಒಂದು ಅಣುವನ್ನು ರೋಗಿಗಳ ಮೇಲಿನ ಪ್ರಯೋಗಕ್ಕೂ ಒಯ್ದಿತು. ವೈರಸ್ ಇಳಿಯಲಿಲ್ಲ. 1995ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಮರುವರ್ಷವೇ ಪ್ರೋಟಿಯೇಸ್ ಎಂಬ ವೈರಸ್ಸಿನ ಕಿಣ್ವವನ್ನು ತಡೆಯುವ ಮಾತ್ರೆಗಳನ್ನು ಸೇರಿಸಿ ಮೂರು ಔಷಧ ಒಟ್ಟಿಗೆ ಕೊಡುವ ಚಿಕಿತ್ಸೆ ಬಂತು, ಸಾವಿನ ಅಂಚಿನಲ್ಲಿದ್ದವರು ಎದ್ದು ಓಡಾಡಿದರು. ಜೀವ ಉಳಿಸುವ ದಾರಿ ಸಿಕ್ಕಾಗ ಎಲ್ಲರೂ ಅತ್ತ ಹೋದದ್ದು ಸರಿಯೇ. ಆದರೆ ಆರ್‌ಎನ್‌ಎ ಕಡೆಯ ಕೆಲಸ ಹಿಂದೆ ಬಿತ್ತು.

ಕಷ್ಟವೂ ಸುಮ್ನೆ ಬಂದದ್ದಲ್ಲ. ಪ್ರೋಟಿಯೇಸ್‌ನಂಥ ಕಿಣ್ವದಲ್ಲಿ ಔಷಧ ಹೋಗಿ ಕೂರಲು ಆಳವಾದ ಗುಳಿ ಇರುತ್ತದೆ. ಆರ್‌ಎನ್‌ಎ ಮತ್ತು ಪ್ರೊಟೀನ್ ತಾಗುವ ಜಾಗ ಅಗಲ, ಆಳ ಕಡಿಮೆ. ಮೇಲಿಂದ ಆರ್‌ಎನ್‌ಎ ಮೈತುಂಬಾ ಋಣ ವಿದ್ಯುದಂಶ. ಧನ ವಿದ್ಯುದಂಶ ಜಾಸ್ತಿ ಇರುವ ಅಣು ಅದಕ್ಕೆ ಬಿಗಿಯಾಗಿ ಅಂಟುತ್ತದೆ ನಿಜ, ಆದರೆ ಜೀವಕೋಶದ ಆರ್‌ಎನ್‌ಎಯಲ್ಲಿ ಹೆಚ್ಚಿನ ಪಾಲು ನಮ್ಮದೇ ರೈಬೋಸೋಮಿನದು, ಅಣು ಅಲ್ಲಿಗೂ ಹೋಗಿ ಅಂಟುತ್ತದೆ. ಇಷ್ಟು ಸಾಲದು ಅಂತ ಟಾರ್ ಒಂದೇ ಆಕಾರದಲ್ಲಿ ನಿಲ್ಲುವುದೂ ಇಲ್ಲ, ಉಬ್ಬಿನ ಹತ್ತಿರ ಸದಾ ಬಾಗುತ್ತ, ತಿರುಗುತ್ತ ಇರುತ್ತದೆ. ಒಂದೇ ಚಿತ್ರ ಇಟ್ಟುಕೊಂಡು ಔಷಧ ಹುಡುಕಿದರೆ ಗುರಿ ತಪ್ಪುತ್ತದೆ. ಹಾಶಿಮ್ ಅಲ್ ಹಾಶಿಮಿ ಅವರ ತಂಡ 2011ರಲ್ಲಿ ಟಾರ್‌ನ ಹಲವು ಆಕಾರಗಳನ್ನು ಕಂಪ್ಯೂಟರಿಗೆ ಕೊಟ್ಟು ಅಣುಗಳನ್ನು ಹುಡುಕಿ, ಪ್ರಯೋಗಾಲಯದಲ್ಲಿ ನಿಜವಾಗಿಯೂ ಅಂಟುವಂಥವನ್ನು ಪಡೆಯಿತು. ನನ್ನ ಮಟ್ಟಿಗೆ ಈ ಕಥೆಯ ತಿರುವು ಇದೇ.

ಬೆಂಗಳೂರಿನಲ್ಲೂ ಇದೇ ಜಾತಿಯ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸೌಮಿತ್ರ ದಾಸ್ ಅವರ ತಂಡ ಹೆಪಟೈಟಿಸ್ ಸಿ ವೈರಸ್ಸಿನ ಆರ್‌ಎನ್‌ಎಯನ್ನು ನಮ್ಮ ಜೀವಕೋಶದ ‘ಲಾ’ ಪ್ರೊಟೀನ್ ಎಲ್ಲಿ ಹಿಡಿಯುತ್ತದೆ ಅಂತ ಗುರುತಿಸಿತು. ಆಮೇಲೆ ಆ ಪ್ರೊಟೀನಿನದ್ದೇ ಒಂದು ತುಣುಕು, ಬರೀ ಏಳು ಅಮೈನೋ ಆಮ್ಲಗಳದ್ದು, ವೈರಸ್ಸಿಗೆ ಅಡ್ಡ ನಿಲ್ಲುತ್ತದೆ ಅಂತ 2008ರಲ್ಲಿ ತೋರಿಸಿತು. ಮಾತ್ರೆ ಮಾಡುವಂಥ ಅಣು ಅದಲ್ಲ, ಆದರೆ ಎಲ್ಲಿ ಹೊಡೆಯಬೇಕು ಅನ್ನುವುದನ್ನು ಅದು ತೋರಿಸಿತು. 2013ರ ಕೊನೆಗೆ ಸೋಫೋಸ್ಬುವಿರ್ ಬಂತು. ವೈರಸ್ಸಿನ ಕಿಣ್ವವನ್ನು ತಡೆಯುವ ಆ ಔಷಧದಿಂದ ಹೆಪಟೈಟಿಸ್ ಸಿ ವಾಸಿಯಾಗುವ ರೋಗವಾಯಿತು, ಅಲ್ಲೂ ಕಿಣ್ವದ ದಾರಿಯೇ ಮೊದಲು ಮುಟ್ಟಿತು.

ಎಚ್‌ಐವಿಯ ಹಳೆಯ ಗುರಿಗೆ 2012ರಲ್ಲಿ ಮತ್ತೆ ಜೀವ ಬಂತು. ಸಮುದ್ರದ ಸ್ಪಂಜಿನಲ್ಲಿ ಸಿಕ್ಕ ವಸ್ತುವನ್ನು ಆಧರಿಸಿ ಮಾಡಿದ ಡೈಡಿಹೈಡ್ರೋ ಕಾರ್ಟಿಸ್ಟ್ಯಾಟಿನ್ ಎ, ಟಾರ್ ಬದಲು ಟ್ಯಾಟ್‌ಗೇ ಅಂಟುತ್ತದೆ. ಟ್ಯಾಟ್ ಯಾವ ಭಾಗದಿಂದ ಟಾರ್ ಅನ್ನು ಹಿಡಿಯುತ್ತದೋ ಆ ಭಾಗಕ್ಕೇ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಸುಸಾನಾ ವ್ಯಾಲೆಂಟೆ ಅವರ ತಂಡ 2017ರಲ್ಲಿ ಇದನ್ನು ಮನುಷ್ಯರ ರೋಗನಿರೋಧಕ ಕೋಶಗಳಿರುವ ಇಲಿಗಳಿಗೆ ಮಾಮೂಲಿ ಔಷಧಗಳ ಜೊತೆ ಕೊಟ್ಟಿತು. ಎಲ್ಲ ಔಷಧ ನಿಲ್ಲಿಸಿದ ಮೇಲೆ ವೈರಸ್ ವಾಪಸ್ ಬರುವುದು ತಡವಾಯಿತು. ತಡವಾಯಿತು ಅಷ್ಟೇ, ನಿಲ್ಲಲಿಲ್ಲ. ಆದರೂ ಅಡಗಿರುವ ಪ್ರತಿಯನ್ನು ಸುಮ್ಮನಿರಿಸಬಹುದು ಅನ್ನುವುದಕ್ಕೆ ಒಂದು ಆಧಾರವಂತೂ ಸಿಕ್ಕಿತು. 2020ರಲ್ಲಿ ರಿಸ್ಡಿಪ್ಲಾಮ್‌ಗೆ ಅನುಮತಿ ಸಿಕ್ಕಿತು. ಸ್ನಾಯುಗಳು ಸೊರಗುವ ಎಸ್‌ಎಂಎ ರೋಗಕ್ಕೆ ಕೊಡುವ ಅದು ಮನುಷ್ಯರ ಆರ್‌ಎನ್‌ಎ ಮೇಲೆ ಕೆಲಸ ಮಾಡುವ, ಬಾಯಿಂದ ಕುಡಿಯುವ ಔಷಧ. ಆರ್‌ಎನ್‌ಎಗೆ ಔಷಧ ಮಾಡಲಾಗದು ಅನ್ನುವ ಮಾತು ಇನ್ನು ನಿಲ್ಲುವುದಿಲ್ಲ.

ಇದು ಎಚ್‌ಐವಿಗಷ್ಟೇ ಸೇರಿದ ವಿಷಯ ಅಲ್ಲ. ಡೆಂಗಿಯದು ಆರ್‌ಎನ್‌ಎ ವೈರಸ್. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯದೂ ಅದೇ ಕುಟುಂಬದ ವೈರಸ್. ಎರಡಕ್ಕೂ ಜ್ವರ ಇಳಿಸಿ, ದ್ರವ ಕೊಟ್ಟು, ರಕ್ತಸ್ರಾವದ ಮೇಲೆ ಕಣ್ಣಿಡುವ ಚಿಕಿತ್ಸೆಯೇ ಇವತ್ತಿಗೂ ಇರುವುದು. ಮಲೆನಾಡಿನ ಕೂಲಿಕಾರರಿಗೆ, ಕಾಡಂಚಿನ ರೈತರಿಗೆ ಬರುವ ರೋಗಕ್ಕೆ ದೊಡ್ಡ ಕಂಪನಿಗಳು ತಾವಾಗಿಯೇ ಔಷಧ ಹುಡುಕುತ್ತವೆ ಅಂತ ನನಗೆ ಅನ್ನಿಸುವುದಿಲ್ಲ. ಆ ಹುಡುಕಾಟ ಸರ್ಕಾರದ ದುಡ್ಡಿನಲ್ಲಿ, ನಮ್ಮ ಪ್ರಯೋಗಾಲಯಗಳಲ್ಲೇ ನಡೆಯಬೇಕು.