ಹಸಿರು ದೀಪ ಹತ್ತಿದರೂ ಗಾಂಧಾರ ಯಾಕೆ ಕೂಡುವುದಿಲ್ಲ?

ಗಣಪತಿ ಹಬ್ಬ ಹತ್ತಿರ ಬಂತೆಂದರೆ ಪುಣೆಯ ನಮ್ಮ ಕನ್ನಡ ಭಜನಾ ಮಂಡಳಿಗಳ ಹಾರ್ಮೋನಿಯಂಗಳು ನನ್ನ ಅಂಗಡಿಯಲ್ಲಿ ಸಾಲುಗಟ್ಟುತ್ತವೆ. ಜೊತೆಗೆ ಒಂದು ಮೊಬೈಲ್. "ನೋಡಿ, ಸ್ವರ ಸರಿಯಿದ್ಯಾ ಅಂತ ನೋಡೋ ಆಪ್‌ನಲ್ಲಿ ಎಲ್ಲ ಸ್ವರಕ್ಕೂ ಹಸಿರು ಬರ್ತಿದೆ. ಆದ್ರೂ ತಂಬೂರಿ ಜೊತೆ ಗಾಂಧಾರ ಕೂಡ್ತಿಲ್ಲ."

ಹಸಿರು ಬಂದಿರುವುದರಿಂದಲೇ ಕೂಡುತ್ತಿಲ್ಲ! ಎಷ್ಟು ಸಲ ಹೇಳಿದರೂ ಇದು ತಲೆಗೆ ಹೋಗುವುದಿಲ್ಲ. ಆಪ್ ಸಪ್ತಕವನ್ನು 12 ಸಮಪಾಲು ಮಾಡುತ್ತದೆ. ತಂಬೂರಿಗೆ ಆ ಲೆಕ್ಕ ಗೊತ್ತಿಲ್ಲ. ಸಾ ಸೆಕೆಂಡಿಗೆ 240 ಕಂಪನ ಅಂತಿಟ್ಟುಕೊಳ್ಳಿ. ಆ ತಂತಿಯೊಳಗೇ ಅದರ ಐದು ಪಟ್ಟು, ಅಂದರೆ 1200, ಸಣ್ಣಗೆ ಕೇಳುತ್ತಿರುತ್ತದೆ. ಗಾಂಧಾರ, ಅಂದರೆ ಗಾ, 300 ಇದ್ದರೆ ಅದರ ನಾಲ್ಕು ಪಟ್ಟೂ 1200. ಎರಡೂ ಕರಗಿ ಒಂದಾಗುತ್ತವೆ. ಆಪ್‌ನ ಗಾ ಸುಮಾರು 302.4. ನಾಲ್ಕು ಪಟ್ಟು ಮಾಡಿದರೆ 1209 ದಾಟುತ್ತದೆ. ಸೆಕೆಂಡಿಗೆ ಒಂಬತ್ತು ಸಲಕ್ಕಿಂತ ಜಾಸ್ತಿ ಗರಗರ ನಡುಗುತ್ತದೆ. ಪಂಚಮದಲ್ಲಿ ಈ ನಡುಕ ಸೆಕೆಂಡಿಗೆ ಒಂದೂ ಇಲ್ಲ. ಅದಕ್ಕೇ ಪಾ ಬಗ್ಗೆ ಯಾರೂ ದೂರು ತರುವುದಿಲ್ಲ.

ಪೆಟ್ಟಿಗೆಯೊಳಗೆ ಗಾಳಿಗೆ ಕಂಪಿಸುವ ಹಿತ್ತಾಳೆ ಪಟ್ಟಿಯೇ ರೀಡು; ಗಾ ರೀಡಿನ ಬುಡವನ್ನು ಒಂಚೂರು ಕೆರೆದರೆ ಸ್ವರ ಇಳಿಯುತ್ತದೆ, ನಡುಕ ನಿಧಾನವಾಗುತ್ತಾ ನಿಲ್ಲುತ್ತದೆ. ಆದರೆ ಯಾವಾಗಲೂ ಒಂದೇ ಸಾ ಹಿಡಿದು ಹಾಡುವವರು ಮಾತ್ರ ಇದನ್ನು ಮಾಡಿಸಿ. ಇವತ್ತು ಕಪ್ಪು ಒಂದು, ನಾಳೆ ಬಿಳಿ ನಾಲ್ಕು ಅಂತ ಸಾ ಮನೆ ಬದಲಿಸುವವರಿಗೆ ಆಪ್‌ನ ಲೆಕ್ಕವೇ ವಾಸಿ.

ಇನ್ನೊಂದು ಗೊಂದಲ ಪುಸ್ತಕದ್ದು. ಧಾರವಾಡದ ಕಡೆಯ ಹುಡುಗನೊಬ್ಬ ಇಲ್ಲಿ ಇಂಜಿನಿಯರಿಂಗ್ ಓದುತ್ತಾ ಮಾರವಾ ರಾಗ ಕಲಿಯುತ್ತಿದ್ದ. ವಾದಿ, ಅಂದರೆ ರಾಗದ ಮುಖ್ಯ ಸ್ವರ, ಕೋಮಲ (ಇಳಿಸಿದ) ರಿಷಭ, ಸಂವಾದಿ ಧೈವತ, ಎರಡನ್ನೂ ಕೂಡಿಸಿಕೊಡಿ ಅಂದ. ಸಂವಾದಿ ಅಂದ್ರೆ ಕೂಡಬೇಕಲ್ವಾ? ಅವನ ಪ್ರಶ್ನೆ ನನಗೆ ತುಂಬ ಹಿಡಿಸಿತು. ಭರತನ ನಾಟ್ಯಶಾಸ್ತ್ರದಲ್ಲಿ ಸಂವಾದಿ ಎಂದರೆ 9 ಅಥವಾ 13 ಶ್ರುತಿ (ಸಪ್ತಕದ 22 ಸಣ್ಣ ಅಂತರಗಳಲ್ಲಿ ಒಂದೊಂದು) ದೂರದ ಜೋಡಿ, ಸಾ-ಮಾ, ಸಾ-ಪಾ ಇದ್ದ ಹಾಗೆ. ಅದು ಕಿವಿಗೂ ಕೂಡುತ್ತದೆ. ಈಗ ರಾಗಕ್ಕೆ ಹೇಳುವ ಸಂವಾದಿ ಬೇರೆ: ವಾದಿಯ ನಂತರ ಹೆಚ್ಚು ತೂಕದ ಸ್ವರ. ಯಮನ್ ರಾಗದ ಗಾ-ನಿ ಎರಡೂ ಅರ್ಥಕ್ಕೆ ಹೊಂದುತ್ತವೆ. ಮಾರವಾದ ಜೋಡಿ ಹೊಂದುವುದಿಲ್ಲ.

ಅವನು ಒಪ್ಪಲಿಲ್ಲ. ತಂಬೂರಿಯ ಒಂದು ತಂತಿಯನ್ನು ಧೈವತಕ್ಕೆ ಏರಿಸಿದೆ. ಪೆಟ್ಟಿಗೆಯಲ್ಲಿ ಕೋಮಲ ರಿಷಭ ಒತ್ತಿ ಹಿಡಿದು, ಎರಡೂ ಕೂಡುವ ತನಕ ತಂತಿ ಇಳಿಸಿದೆ. ಈಗ ಹಾಡು ಅಂದೆ. ಎರಡು ಸಾಲು ಹಾಡಿ ನಿಲ್ಲಿಸಿದ. ಧೈವತ ಕೋಮಲವಾಗಿಬಿಟ್ಟಿತ್ತು, ಮಾರವಾ ಹೋಗಿತ್ತು. ತಂಬೂರಿಯನ್ನು ತನ್ನ ತೊಡೆಗೆ ಎಳೆದುಕೊಂಡು, ಕಿವಿ ಹಚ್ಚಿ, ತಂತಿಯನ್ನು ತಾನೇ ಮೇಲೇರಿಸಿದ.