ಮಂಗನ ಕಾಯಿಲೆ: ಸೊರಬದ ಕಾಡಿನಿಂದ ಕೊಪ್ಪದ ತೋಟದವರೆಗೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಡಿಸೆಂಬರ್ ಬಂತೆಂದರೆ ಉಣುಗು ಕಚ್ಚಿ ಬರುವ ಜ್ವರ, ಮಂಗನ ಕಾಯಿಲೆಯ ಮಾತು ಶುರುವಾಗುತ್ತದೆ. ಮೊದಲೆಲ್ಲ ಲಸಿಕೆ ಹಾಕುತ್ತಿದ್ದರು, ಈಗ ಯಾಕಿಲ್ಲ? ದನ ಸಾಕಿದರೆ ಕಾಯಿಲೆ ಬರುತ್ತದಾ? ಕೈಕಾಲಿಗೆ ಹಚ್ಚಲು ಕೊಡುವ ಎಣ್ಣೆ ಸಾಕಾ? ಕಾಡಿಗೇ ಹೋಗದವರಿಗೆ ಹೇಗೆ ಬಂತು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವಾಟ್ಸಾಪಿನಲ್ಲಿ ಬರುವುದನ್ನಂತೂ ಕೇಳುವುದೇ ಬೇಡ. ಸುಮಾರು ಎಪ್ಪತ್ತು ವರ್ಷಗಳ ಕಥೆ ಇದು. ಮೊದಲಿನಿಂದ ಹಿಡಿದು ಬಂದರೆ ಈಗಿನ ಗೊಂದಲ ಅರ್ಧದಷ್ಟಾದರೂ ಬಿಡಿಸಿಕೊಳ್ಳುತ್ತದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನ ಜೋರು ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಏಷ್ಯಾಕ್ಕೆ ಯಾವತ್ತೂ ಕಾಲಿಡದಿದ್ದ ಆ ರೋಗವೂ ಮಂಗಗಳನ್ನು ಕೊಲ್ಲುತ್ತದೆ, ಹಾಗಾಗಿ ಗಾಬರಿಯಾಗಿದ್ದು ಸಹಜ. ಪರೀಕ್ಷೆ ಮಾಡಿ ನೋಡಿದರೆ ಸಿಕ್ಕಿದ್ದು ಹೊಸ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಬರುವ ಮೆದುಳು ಜ್ವರದ ವೈರಸ್‌ಗೆ ಹತ್ತಿರದ ಸಂಬಂಧಿ. ಕಾಡಿನ ಹೆಸರೇ ಕಾಯಿಲೆಗೂ ಬಂತು: ಕ್ಯಾಸನೂರು ಕಾಡಿನ ಕಾಯಿಲೆ, ಆಸ್ಪತ್ರೆಯ ಚೀಟಿಯಲ್ಲಿ ಕೆಎಫ್‌ಡಿ.

ರಷ್ಯಾದ ವೈರಸ್‌ನ ನೆಂಟ ಸೊರಬಕ್ಕೆ ಹೇಗೆ ಬಂತು ಅನ್ನುವ ಪ್ರಶ್ನೆಗೆ ಆಗ ಸಿಕ್ಕ ಉತ್ತರ ವಲಸೆ ಹಕ್ಕಿ. ಅದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪಕ್ಷಿತಜ್ಞ ಸಲೀಂ ಅಲಿ ಅವರ ತಂಡ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ನಮ್ಮ ದೇಶದ ಹಕ್ಕಿ ವಲಸೆಯ ಬಗ್ಗೆ ಬೇಕಾದಷ್ಟು ತಿಳಿಯಿತು. ಮಂಗನ ಕಾಯಿಲೆಯಿಂದ ಯಾರಿಗಾದರೂ ಲಾಭ ಆಗಿದ್ದರೆ ಅದು ಪಕ್ಷಿಶಾಸ್ತ್ರಕ್ಕೆ ಅನ್ನಬಹುದೇನೋ!

ಅಸಲಿ ವಿಷಯ ಇರುವುದು ಉಣುಗಿನಲ್ಲಿ. ಹಲವು ಜಾತಿಯ ಉಣುಗುಗಳಲ್ಲಿ ಈ ವೈರಸ್ ಸಿಕ್ಕಿದೆ, ಮುಖ್ಯವಾದದ್ದು ಹೀಮಾಫೈಸಾಲಿಸ್ ಸ್ಪಿನಿಜೆರಾ. ಇದು ಮರಿ, ಎಳೆಯ ಉಣುಗು, ಬೆಳೆದ ಉಣುಗು ಅಂತ ಮೂರು ಹಂತದಲ್ಲಿ ಬೆಳೆಯುತ್ತದೆ. ಒಂದೊಂದು ಹಂತದಲ್ಲಿ ಒಂದೊಂದು ಪ್ರಾಣಿಯ ರಕ್ತ ಬೇಕು. ಮಳೆಗಾಲ ಮುಗಿದ ಮೇಲೆ ಹೊರಬರುವ ಮರಿಗಳು ಇಲಿ, ಸುಂಡಿಲಿಯಂಥ ಸಣ್ಣ ಪ್ರಾಣಿಗಳನ್ನು ಹಿಡಿಯುತ್ತವೆ. ಎಳೆಯ ಉಣುಗಿನ ಕಾಲ ನವೆಂಬರ್‌ನಿಂದ ಮೇ ತನಕ. ಮಂಗಕ್ಕೂ ಮನುಷ್ಯನಿಗೂ ಹತ್ತುವುದು ಹೆಚ್ಚಾಗಿ ಇದೇ. ಗುಂಡುಸೂಜಿಯ ತಲೆಯಷ್ಟೇ ಇರುವುದರಿಂದ ಹತ್ತಿದ್ದು ಗೊತ್ತಾಗುವುದೂ ಕಷ್ಟ. ಮಳೆಗಾಲದಲ್ಲಿ ಬೆಳೆದ ಉಣುಗು ದನ, ಕಾಟಿಯಂಥ ದೊಡ್ಡ ಪ್ರಾಣಿಗಳ ರಕ್ತ ಕುಡಿದು ನೆಲಕ್ಕೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಒಂದು ಹಂತದಲ್ಲಿ ಒಳಗೆ ಹೊಕ್ಕ ವೈರಸ್ ಮುಂದಿನ ಹಂತದಲ್ಲೂ ಅದರ ಮೈಯಲ್ಲೇ ಉಳಿಯುತ್ತದೆ.

ಅಂದರೆ ದನಕ್ಕೆ ಕಾಯಿಲೆ ಬರುವುದಿಲ್ಲ, ದನದಿಂದ ಕಾಯಿಲೆ ನೇರವಾಗಿ ಅಂಟುವುದೂ ಇಲ್ಲ. ಆದರೆ ಉಣುಗಿನ ಸಂತಾನ ಬೆಳೆಯಲು ದನ ಬೇಕು. ಈ ಸಣ್ಣ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಕಡೆ ಕೊಟ್ಟಿಗೆಯ ಬಗ್ಗೆ ಜಗಳಗಳಾಗಿವೆ. ಮನುಷ್ಯನಿಂದ ಮನುಷ್ಯನಿಗೂ ಇದು ಹರಡುವುದಿಲ್ಲ. ರೋಗಿಯ ಮನೆಗೆ ಹೋಗಲು ಹೆದರುವವರು ಈಗಲೂ ಇದ್ದಾರಲ್ಲ, ಅವರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಮಂಗನ ಪಾಡು ಇದಕ್ಕಿಂತ ಕಷ್ಟದ್ದು. ಮುಸುವವೂ ಕೆಂಪು ಮೂತಿಯ ಮಂಗವೂ ನಮ್ಮ ಹಾಗೇ ಉಣುಗು ಕಚ್ಚಿಸಿಕೊಂಡೇ ಸಾಯುತ್ತವೆ. ಸತ್ತ ಮಂಗನ ಮೈ ತಣ್ಣಗಾದಾಗ ಅದರ ಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಆ ಜಾಗ ಕೆಲ ಕಾಲ ಅಪಾಯದ್ದು. ಅದಕ್ಕೇ ಮಂಗ ಸತ್ತ ಜಾಗದ ಸುತ್ತ 50 ಮೀಟರ್‌ವರೆಗೆ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಉದುರಿಸುತ್ತಾರೆ. ಪಶುವೈದ್ಯರು ಮಾದರಿ ತೆಗೆದ ಮೇಲೆ ಹೆಣವನ್ನು ಸುಡುತ್ತಾರೆ. ಆದರೆ ಮಲೆನಾಡಿನಲ್ಲಿ ಸತ್ತ ಮಂಗ ಅಂದರೆ ಆಂಜನೇಯ. ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಊರವರೇ ಹೊತ್ತು ಮಣ್ಣು ಮಾಡುವ ರೂಢಿ ಇದೆ. ಭಕ್ತಿಗೆ ಬೇಡ ಅನ್ನಲಾಗುವುದಿಲ್ಲ. ಬರಿಗೈಯಲ್ಲಿ ಮುಟ್ಟಬೇಡಿ ಅನ್ನುವುದನ್ನಾದರೂ ಮಳೆಗಾಲದಲ್ಲೇ, ದೇವಸ್ಥಾನದ ಸಭೆಯಲ್ಲೇ ಹೇಳಬಹುದಿತ್ತು. ಹೇಳುವುದು ಮಂಗ ಸತ್ತ ಮೇಲೆ.

ಮೊದಲ ಇಪ್ಪತ್ತೈದು ವರ್ಷ ಕಾಯಿಲೆ ಸೊರಬ, ಸಾಗರದ ಸುತ್ತಮುತ್ತ ಇದ್ದುಕೊಂಡೇ ನಿಧಾನಕ್ಕೆ ಹರಡಿತು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಜಾಗದಲ್ಲಿ ದೊಡ್ಡದಾಗಿ ಸ್ಫೋಟಿಸಿತು. ಚಿಕ್ಕಮಗಳೂರು, ಉಡುಪಿ, ಉತ್ತರ ಕನ್ನಡ ಎಲ್ಲವೂ ಪಟ್ಟಿಗೆ ಸೇರಿದವು. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದಲ್ಲೂ ಕಾಣಿಸಿತು.

ಕಾಡು ಕಡಿದರೆ ಹೀಗಾಗುತ್ತದೆ ಅನ್ನುವುದು ಹೊಸ ಸಂಶೋಧನೆಯೇನಲ್ಲ. ಜನ ಹೆಚ್ಚಾಗಿ, ಗದ್ದೆಗಾಗಿ ಕಾಡು ಒಡೆದು, ಅದರ ಅಂಚಿನಲ್ಲಿ ದನ ಮೇಯತೊಡಗಿದ್ದೇ ಕಾಯಿಲೆ ಮೇಲೆ ಬರಲು ಕಾರಣ ಎಂದು ಬೊಶೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದಿದ್ದರು. ದಟ್ಟ ಕಾಡಿನ ನಡುವೆ ಅಷ್ಟು ಅಪಾಯ ಇಲ್ಲ. ಒಂದು ತುಂಡು ಕಾಡು, ಪಕ್ಕದಲ್ಲಿ ತೋಟ, ಅದರಾಚೆ ಗದ್ದೆ, ನಡುವೆ ದನದ ದಾರಿ ಇದ್ದಲ್ಲಿ ಅಪಾಯ ಜಾಸ್ತಿ. ಇದನ್ನು ಓದಿದರೆ ನಮ್ಮ ಮಲೆನಾಡಿನ ಯಾವುದೇ ಊರಿನ ನಕ್ಷೆ ಓದಿದ ಹಾಗಾಗುತ್ತದೆ ಅಲ್ವಾ?

ಕಾಡಿಗೇ ಹೋಗದವರಿಗೆ ಹೇಗೆ ಬಂತು ಅನ್ನುವ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನಮ್ಮಲ್ಲಿ ಕಾಡು ಮನೆಗೇ ಬರುತ್ತದೆ. ಬೇಸಿಗೆಯಲ್ಲಿ ಹೆಂಗಸರು ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ತರಗು ಗುಡಿಸಿ, ದೊಡ್ಡ ಕುಕ್ಕೆಗೆ ಕಾಲಿನಿಂದ ಒತ್ತಿ ತುಂಬಿ, ತಲೆಯ ಮೇಲೆ ಹೊತ್ತು ತರುತ್ತಾರೆ. ತರಗು ಕುತ್ತಿಗೆ, ಬೆನ್ನಿನ ಮೇಲೆಲ್ಲ ಉದುರುತ್ತದೆ. ಕೊಟ್ಟಿಗೆಗೆ ಹಾಸಿದ್ದು ಆಮೇಲೆ ಗೊಬ್ಬರವಾಗಿ ಅಡಿಕೆ ಬುಡಕ್ಕೆ ಹೋಗುತ್ತದೆ. ಸೌದೆಯ ಹೊರೆಯದ್ದೂ ಇದೇ ಕಥೆ. ಕಾಡಿಗೆ ಕಾಲಿಡದ ಅಜ್ಜಿಯೂ ಕೊಟ್ಟಿಗೆಗೆ ಹೋಗುತ್ತಾಳೆ, ಸೌದೆ ಮುಟ್ಟುತ್ತಾಳೆ.

ಇನ್ನು ಕಾಫಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೊಬಸ್ಟಾ ಜನವರಿಯಿಂದ, ಅದರ ಹಿಂದೆಯೇ ಮೆಣಸು. ಎಳೆಯ ಉಣುಗಿನ ಕಾಲಕ್ಕೂ ಕೊಯ್ಲಿನ ಕಾಲಕ್ಕೂ ಒಂದು ವಾರದ ವ್ಯತ್ಯಾಸವೂ ಇಲ್ಲ ಅನ್ನಬಹುದು. ‘ಕಾಡಿಗೆ ಹೋಗಬೇಡಿ’ ಎಂದು ಬರೆದ ಬ್ಯಾನರ್ ಕೆಳಗೇ ಕೂಲಿಯವರ ಜೀಪು ನಿಲ್ಲುತ್ತದೆ. ನೆರಳಿನ ಮರದ ಕಾಫಿ ತೋಟವನ್ನು ಕಾಡು ಅಂತ ಮಂಗ ತಿಳಿದುಕೊಂಡಿದೆ, ಉಣುಗೂ ತಿಳಿದುಕೊಂಡಿದೆ, ಬ್ಯಾನರ್ ಬರೆಸಿದವರಿಗೆ ಮಾತ್ರ ಗೊತ್ತಿಲ್ಲ.

ಈಗ ಲಸಿಕೆಯ ವಿಷಯಕ್ಕೆ ಬರೋಣ. ಜನರ ಸಿಟ್ಟು ಇರುವುದು ಇಲ್ಲೇ.

ಶುರುವಿನಲ್ಲಿ ರಷ್ಯಾದ ಮೆದುಳು ಜ್ವರಕ್ಕೆ ಮಾಡಿದ್ದ ಲಸಿಕೆಯನ್ನೇ ಇಲ್ಲಿ ಹಾಕಿ ನೋಡಿದರು. ಕೆಲಸ ಮಾಡಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರು ವೈರಸ್ಸನ್ನೇ ಬೆಳೆಸಿ, ಫಾರ್ಮಾಲಿನ್‌ನಿಂದ ಕೊಂದು ಲಸಿಕೆ ಮಾಡಿದರು. 1990ರಿಂದ ಅದನ್ನು ಮಲೆನಾಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕತೊಡಗಿದರು. ಬೆಂಗಳೂರಿನ ಹೆಬ್ಬಾಳದಲ್ಲಿ, ಪ್ರಾಣಿಗಳ ಲಸಿಕೆ ಮಾಡುವ ಸರ್ಕಾರಿ ಸಂಸ್ಥೆಯಲ್ಲೇ ಇದೂ ತಯಾರಾಗುತ್ತಿತ್ತು. 1957ರಲ್ಲಿ ಸಿಕ್ಕ ವೈರಸ್ ತಳಿಯೇ ಕೊನೆಯವರೆಗೂ ಅದಕ್ಕೆ ಆಧಾರ.

1990ರ ದಶಕದ ಮೊದಲ ಪರೀಕ್ಷೆಯಲ್ಲಿ ಎರಡು ಡೋಸ್ ತೆಗೆದುಕೊಂಡವರಿಗೆ ಶೇ 93.5ರಷ್ಟು ರಕ್ಷಣೆ ಸಿಗುತ್ತದೆ ಎಂಬ ಲೆಕ್ಕ ಬಂತು. 2005ರಿಂದ 2010ರ ಅಂಕಿಗಳನ್ನು ಇಟ್ಟುಕೊಂಡು ಮತ್ತೆ ನೋಡಿದಾಗ ಎರಡು ಡೋಸ್‌ಗೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9. ಒಂದೇ ಡೋಸ್ ಆದರೆ ಏನೂ ಪ್ರಯೋಜನ ಕಾಣಲಿಲ್ಲ. ಇಷ್ಟು ಕುಸಿದಾಗಲೇ ಯಾರಾದರೂ ಎಚ್ಚರಿಕೆಯ ಗಂಟೆ ಬಾರಿಸಬೇಕಿತ್ತು. ಬಾರಿಸಿದವರೂ ಇರಬಹುದು, ಸದ್ದು ದೂರ ಹೋಗಲಿಲ್ಲ.

ಕಾಗದದ ಮೇಲಿನ ಶೇಕಡಾ ಒಂದು ಕಡೆ, ಊರಿನಲ್ಲಿ ಆದದ್ದು ಇನ್ನೊಂದು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಕಾಫಿ ತೋಟದ ಲೈನ್ ಮನೆಗೆ (ಕೂಲಿಯವರ ಸಾಲುಮನೆಗೆ) ಮೂರು ತಿಂಗಳಿಗೆ ಬಂದು ಹೋಗುವ ಕುಟುಂಬ ಇದನ್ನು ಪೂರೈಸುವುದು ಹೇಗೆ? ಸ್ವಂತ ಜಮೀನಿದ್ದವರೂ ಪೂರೈಸಲಿಲ್ಲ. ಆ ಸೂಜಿ ಚುಚ್ಚಿದರೆ ತೋಳು ಕೆಲ ದಿನ ಎತ್ತಲಾಗದಷ್ಟು ನೋವು. ಕೂಲಿ ತಪ್ಪುತ್ತದೆ. ಮೊದಲ ಸಲ ಹಾಕಿಸಿಕೊಂಡವರು ಎರಡನೇ ಸಲ ಆಶಾ ಕಾರ್ಯಕರ್ತೆ ಬಂದಾಗ ಹಿತ್ತಲ ಬಾಗಿಲಿನಿಂದ ತೋಟಕ್ಕೆ ಹೋಗಿಬಿಡುತ್ತಿದ್ದರು. ಅವಳು ಚೀಟಿ ಹಿಡಿದುಕೊಂಡು ಜಗಲಿಯಲ್ಲಿ ಕೂತು ಕಾಯುತ್ತಿದ್ದಳು.

ಇನ್ನೊಂದು ತೊಡಕು ಲಸಿಕೆ ಹಾಕುವ ಜಾಗದ್ದು. ಎಲ್ಲಿ ರೋಗಿ ಸಿಕ್ಕರೋ, ಎಲ್ಲಿ ಸತ್ತ ಮಂಗದಲ್ಲಿ ವೈರಸ್ ಇತ್ತೋ, ಅದರ ಸುತ್ತ ಐದು ಕಿಲೋಮೀಟರ್ ಒಳಗಿನವರಿಗೆ ಲಸಿಕೆ ಅನ್ನುವುದು ನಿಯಮವಾಗಿತ್ತು. ಮುಂದಿನ ವರ್ಷ ಕಾಯಿಲೆ ಆರನೇ ಕಿಲೋಮೀಟರಿನಲ್ಲಿ ಬಂದರೆ? ಬಹಳ ಸಲ ಆದದ್ದು ಹೀಗೆಯೇ. ಜ್ವರ ಕಾಣಿಸಿದ ಮೇಲೆ ಓಡಿ ಬಂದು ಮೊದಲ ಡೋಸ್ ಹಾಕಿದರೆ ರಕ್ಷಣೆ ಹುಟ್ಟುವಷ್ಟರಲ್ಲಿ ಅರ್ಧ ಬೇಸಿಗೆ ಮುಗಿದಿರುತ್ತದೆ. ಮಳೆಗಾಲದಲ್ಲಿ ಶುರು ಮಾಡಬೇಕಾದ ಕೆಲಸ ಇದು. ಮಳೆಗಾಲದಲ್ಲಿ ಯಾರಿಗೂ ಮಂಗನ ಕಾಯಿಲೆ ನೆನಪಾಗುವುದಿಲ್ಲ.

2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಜೋರಾಯಿತು. ಹಲವರು ತೀರಿಕೊಂಡರು, ಲಸಿಕೆಯ ಬಗ್ಗೆ ಇದ್ದ ಪಿಸುಮಾತು ಬಹಿರಂಗ ಚರ್ಚೆಯಾಯಿತು. ಕೊನೆಗೆ 2022ರಲ್ಲಿ, ಬೇಕಾದಷ್ಟು ಶಕ್ತಿ ಅದರಲ್ಲಿಲ್ಲ ಎಂಬ ಕಾರಣಕ್ಕೆ ಹಳೆಯ ಲಸಿಕೆ ನಿಂತಿತು. ನಿಲ್ಲಿಸಿದ್ದು ಸರಿಯೇ. ಆದರೆ ಅದರ ಜಾಗಕ್ಕೆ ಬರಬೇಕಾದ ಹೊಸದನ್ನು ಹತ್ತು ವರ್ಷ ಮೊದಲೇ ಶುರು ಮಾಡಿದ್ದರೆ ನಡುವಿನ ಈ ಖಾಲಿ ವರ್ಷಗಳು ಬರುತ್ತಿರಲಿಲ್ಲ.

2024ರ ಬೇಸಿಗೆ ಆ ಖಾಲಿ ವರ್ಷಗಳಲ್ಲಿ ಒಂದು. ಉತ್ತರ ಕನ್ನಡ, ಶಿವಮೊಗ್ಗದ ಜೊತೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಜನ ಕಾಯಿಲೆ ಬಿದ್ದರು. ಶೃಂಗೇರಿ ಕಡೆ ಸಾವೂ ಆಯಿತು.

ಈ ಜ್ವರಕ್ಕೆ ಇಂಥದ್ದೇ ಅಂತ ಔಷಧಿ ಇಲ್ಲ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಒಮ್ಮೆಲೇ ಜ್ವರ, ತಲೆನೋವು, ಮೈಕೈ ಹಿಂಡುವ ನೋವು. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ, ಹಾಗಾಗಿ ಡೆಂಗಿ ಅಂದುಕೊಳ್ಳುವುದು ಸುಲಭ. ಹೆಚ್ಚಿನವರು ಎರಡು ವಾರದಲ್ಲಿ ಏಳುತ್ತಾರೆ. ನೂರರಲ್ಲಿ ಹತ್ತಿಪ್ಪತ್ತು ಜನಕ್ಕೆ ಜ್ವರ ಬಿಟ್ಟು ಮತ್ತೆ ಬರುತ್ತದೆ, ಆಗ ಕೈ ನಡುಕ, ಬುದ್ಧಿ ಮಂಕು, ಕಣ್ಣಿನ ತೊಂದರೆ. ಸಾಯುವವರು ನೂರಕ್ಕೆ ಮೂರರಿಂದ ಐದು. ಬೇಗ ಗೊತ್ತಾಗಿ, ನೀರಿನಂಶ ಕಾಪಾಡಿ, ರಕ್ತಸ್ರಾವದ ಮೇಲೆ ಕಣ್ಣಿಟ್ಟರೆ ಬದುಕುವ ಸಾಧ್ಯತೆ ಹೆಚ್ಚು. ಈ ‘ಬೇಗ’ ಅನ್ನುವುದು ಶೃಂಗೇರಿಯವರಿಗೆ ಆಗುಂಬೆ ಘಾಟಿ ಇಳಿದು ಮಣಿಪಾಲ ಮುಟ್ಟುವ ಹೊತ್ತು.

ಕಣ್ಗಾವಲು ಮೊದಲಿಗಿಂತ ಚೆನ್ನಾಗಿದೆ, ಅದನ್ನು ಹೇಳಲೇಬೇಕು. ಶಿವಮೊಗ್ಗದ ಪ್ರಯೋಗಾಲಯದಲ್ಲೇ ಆರ್‌ಟಿ-ಪಿಸಿಆರ್ ಪರೀಕ್ಷೆ ಆಗುತ್ತದೆ, ಪುಣೆಗೆ ಕಳಿಸಿ ಕಾಯಬೇಕಿಲ್ಲ. ಸಿಬ್ಬಂದಿ ಕಾಡಂಚಿನಲ್ಲಿ ಬಿಳಿ ಬಟ್ಟೆಯನ್ನು ತರಗಿನ ಮೇಲೆ ನಿಧಾನಕ್ಕೆ ಎಳೆದುಕೊಂಡು ಹೋಗುತ್ತಾರೆ. ಕೆಲವು ಮಾರು ಹೋಗಿ ಬಟ್ಟೆ ತಿರುವಿದರೆ ಕಂದು ಚುಕ್ಕೆಗಳು. ಒಂದೊಂದನ್ನೂ ಚಿಮಟದಿಂದ ಹೆಕ್ಕಿ ಸೀಸೆಗೆ ಹಾಕುತ್ತಾರೆ. ಮೈಮೇಲೆ ಹತ್ತಿದ್ದನ್ನು ಆಮೇಲೆ ತಾವೇ ಹುಡುಕಿಕೊಳ್ಳಬೇಕು. ರಕ್ಷಣಾ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದ, ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆಯನ್ನು ಹಂಚುತ್ತಾರೆ. ಅದು ಕೆಲವು ಗಂಟೆ ಕೆಲಸ ಮಾಡುತ್ತದೆ, ಬೆವರಿದರೆ ಮತ್ತೆ ಹಚ್ಚಬೇಕು. ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ಕಾಫಿ ಕೊಯ್ಯುವವರ ಹತ್ತಿರ ಬಾಟಲಿ ಇರುವುದಿಲ್ಲ, ಅದು ಲೈನ್ ಮನೆಯ ಕಿಟಕಿಯಲ್ಲಿರುತ್ತದೆ. ಬಿಸಿನೀರಿನ ಸ್ನಾನ, ಹಾಕಿದ ಬಟ್ಟೆ ಬಿಸಿನೀರಿಗೆ ಹಾಕುವುದು, ದನಕ್ಕೆ ಉಣುಗಿನ ಔಷಧಿ, ಇಷ್ಟು ಮಾಡಿದರೆ ಎಣ್ಣೆಗಿಂತ ಜಾಸ್ತಿ ಉಪಯೋಗ ಅನ್ನುವುದು ನನ್ನ ಅನಿಸಿಕೆ.

ಹೊಸ ಲಸಿಕೆ ದಾರಿಯಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಮಾಡುತ್ತಿರುವ ಇದು ಎರಡು ಡೋಸಿನದ್ದು. ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದು 2025ರಲ್ಲಿ ಮನುಷ್ಯರ ಮೇಲಿನ ಮೊದಲ ಹಂತ ಶುರುವಾಯಿತು. ಮೊದಲ ಹಂತದಲ್ಲಿ ಮುಖ್ಯವಾಗಿ ನೋಡುವುದು ಅಪಾಯವಿಲ್ಲವೇ ಅನ್ನುವುದನ್ನು. ಕಾಯಿಲೆ ತಡೆಯುತ್ತದೋ ಇಲ್ಲವೋ ಅನ್ನುವ ಪರೀಕ್ಷೆ ಆಮೇಲಿನದು. ವರ್ಷಕ್ಕೆ ಸರಾಸರಿ 400ರಿಂದ 500 ಜನಕ್ಕೆ, ಅದೂ ಎಲ್ಲೆಲ್ಲೋ ಚದುರಿ ಬರುವ ಕಾಯಿಲೆಗೆ ಅಂಥ ಪರೀಕ್ಷೆ ಮಾಡುವುದು ಸುಲಭವಲ್ಲ. ಅಷ್ಟರೊಳಗೆ ಇನ್ನೂ ಕೆಲವು ಕೊಯ್ಲು ಮುಗಿದಿರುತ್ತವೆ. ಲಸಿಕೆ ಬಂದ ದಿನ ಐದು ಕಿಲೋಮೀಟರಿನ ಹಳೆಯ ನಿಯಮವೇ ಇರುತ್ತದಾ, ರೊಬಸ್ಟಾ ಕೊಯ್ಲಿಗೆ ಅಸ್ಸಾಮಿನಿಂದಲೂ ಉತ್ತರ ಕರ್ನಾಟಕದಿಂದಲೂ ಬರುವವರ ಹೆಸರು ಪಟ್ಟಿಯಲ್ಲಿ ಇರುತ್ತದಾ ಅನ್ನುವುದನ್ನು ಈಗಲೇ ಕೂತು ತೀರ್ಮಾನಿಸಬಹುದು. ಅದಕ್ಕೆ ಪ್ರಯೋಗದ ಫಲಿತಾಂಶ ಬರುವ ತನಕ ಕಾಯಬೇಕಾಗಿಲ್ಲ.